ಕರೆಗಂಟೆಯ ಕೆಳಗೆ

ಫೋರ್ಚೆಲ್ಲಾದ ಓಣಿಯಲ್ಲಿ ನನ್ನ ಅಂಗಡಿ.
ಕುರ್ಚಿ ಒಂದು, ಉಳಿ ಒಂಬತ್ತು.
ಕರೆಗಂಟೆಯ ಕೆಳಗೆ ಹಚ್ಚುವ ಹಿತ್ತಾಳೆ ತಗಡಿನ ಮೇಲೆ
ಜನರ ಹೆಸರು ಕೆತ್ತುವುದು ಕಸುಬು.

ಈ ವಾರ ಇಪ್ಪತ್ತೊಂದು ತಗಡು,
ಅದರಲ್ಲಿ ಎಸ್ಪೋಸಿಟೊ ಏಳು.
ಕಣ್ಣು ಮುಚ್ಚಿದರೂ ಕೈ ಕೆತ್ತುತ್ತದೆ:
ಎರಡು ಎಸ್ಸಿನ ನಡುವೆ
ಬಸುರಿಯ ಹಾಗೆ ಹೊಟ್ಟೆ ಮುಂದಿಟ್ಟು ನಿಂತ ಪಿ.

ನಮ್ಮ ಕಟ್ಟಡದಲ್ಲೇ ಮೂರು ಮನೆ ಎಸ್ಪೋಸಿಟೊ.
ಅಂಚೆಯವನು ಕೆಳಗಿಂದ ಕೂಗುತ್ತಾನೆ,
ಯಾರಿಗಪ್ಪಾ ಇದು, ಮೀನಿನವನಿಗೋ, ಕುಂಟನಿಗೋ,
ಕಚೇರಿಗೆ ಹೋಗುವ ಆಕೆಗೋ?
ಹೆಸರಿಗೂ ಒಂದು ಹೆಸರು ಬೇಕಾದ ಊರು.

ಅರ್ಥ ಕೇಳುತ್ತೀರಾ? ಹೊರಗಿಟ್ಟದ್ದು. ಅಷ್ಟೆ.
ಹಳೆಯ ಲ್ಯಾಟಿನ್ ಮಾತು.
ರಾತ್ರಿ ಹಾಲಿನ ಪಾತ್ರೆ ತೊಳೆದು ಹೊರಗಿಟ್ಟ ಹಾಗೆ,
ಮಳೆಯಲ್ಲಿ ನೆಂದ ಬೂಟು ಹೊರಗಿಟ್ಟ ಹಾಗೆ
ಒಂದು ಕೂಸು.

ಎರಡು ತಿರುವು ದಾಟಿದರೆ ಅನ್ನುಂತ್ಸಿಯಾತಾ.
ಗೋಡೆಯಲ್ಲಿ ಆ ಕಿಂಡಿ ಇದೆ ಇನ್ನೂ,
ಅದರೊಳಗೆ ಮರದ ಚಕ್ರ.
ಕೂಸನ್ನು ಇಡು, ತಿರುಗಿಸು, ಗಂಟೆ ಎಳೆ, ಓಡು.

ಗಂಟೆ ಎಳೆದವಳ ಹೆಸರು ಯಾರೂ ಬರೆದಿಲ್ಲ.
ಒಳಗಿನ ದಪ್ಪ ಪುಸ್ತಕ ಹಿಡಿದಿಟ್ಟದ್ದು
ಇಂಥ ರಾತ್ರಿ, ಇಂಥ ಗಂಟೆ, ಎಂಟು ದಿನದ ಹೆಣ್ಣು,
ಮೈಮೇಲೆ ಹರಕು ದುಪ್ಪಟಿ,
ಕೊರಳಲ್ಲಿ ಕತ್ತರಿಸಿದ ಅರ್ಧ ಇಸ್ಪೀಟೆಲೆ.
(ಉಳಿದರ್ಧ ತಂದು ತೋರಿಸಿದರೆ ತಾಯಿ.)
ಹೆಸರಿನ ಮುಂದೆ ಖಾಲಿ ಬಿಟ್ಟ ಜಾಗಕ್ಕೆ
ಗುಮಾಸ್ತ ಅದೇ ಒಂದು ಪದ ತುಂಬಿದ, ದಿನಾ, ದಿನಾ,
ನನ್ನ ಹಾಗೆಯೇ, ಕಣ್ಣು ಮುಚ್ಚಿಕೊಂಡು.

ಮನೆತನದ ಹೆಸರು ಅನ್ನುತ್ತೀರಿ.
ಮನೆಯೇ ಇಲ್ಲದವಕ್ಕೆ
ಮನೆತನದ ಹೆಸರು!

ಆಮೇಲೊಬ್ಬ ಅರಸ, ಅವನೂ ಹೊರಗಿನವನೇ, ಫ್ರಾನ್ಸಿನವನು,
ಇನ್ನು ಯಾವ ಕೂಸಿಗೂ ಈ ಹೆಸರು ಕೂಡದೆಂದ.
ಸರಿ. ಅಷ್ಟರಲ್ಲಿ ಹೊರಗಿಟ್ಟವರಿಗೆ ಮದುವೆಯಾಗಿ,
ಮಕ್ಕಳಾಗಿ, ಮಕ್ಕಳಿಗೆ ಮಕ್ಕಳಾಗಿ
ಊರ ಒಳಗೆಲ್ಲ ಅವರೇ.
ಈಗ ನೇಪಲ್ಸಿನಲ್ಲಿ ಕಲ್ಲೆಸೆದರೆ
ಬೀಳುವುದು ಎಸ್ಪೋಸಿಟೊ ಒಬ್ಬನ ತಲೆಗೆ,
ಕಲ್ಲೆಸೆದವನೂ ಎಸ್ಪೋಸಿಟೊ,
ಹೊಲಿಗೆ ಹಾಕುವ ಡಾಕ್ಟರಮ್ಮನೂ.

ಒಂದೊಂದು ಮನೆಯಲ್ಲೂ ಒಬ್ಬ ಅಜ್ಜಿ ಪಿಸುಗುಟ್ಟುತ್ತಾಳೆ,
ನಮ್ಮ ಮೂಲದವನು ಸಾಮಾನ್ಯನಲ್ಲ ಕಣೋ,
ದೊರೆಮನೆಯ ಗುಟ್ಟು.
ನಮ್ಮಜ್ಜಿ ರಕೆಲಿನಾ ಕೂಡ ಹೇಳುತ್ತಿದ್ದಳು.
ಇಷ್ಟೊಂದು ದೊರೆಗಳಿದ್ದಿದ್ದರೆ, ಅಜ್ಜಿ,
ಗಾರೆ ಕಲಸಿದವರು ಯಾರು?

ಮೊನ್ನೆ ಗುರುವಾರ ಲಂಕೆಯವನೊಬ್ಬ ಬಂದ.
ಮೆಟ್ಟಿಲು ಒರೆಸುವ ಕೆಲಸ, ಕೈಗೆ ಫಿನಾಯಿಲಿನ ವಾಸನೆ.
ಮುದುಕಿ ಅಸ್ಸುಂತಾ ಎಸ್ಪೋಸಿಟೊ ತೀರಿಕೊಂಡ ಮೇಲೆ
ಅವಳ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಾನಂತೆ.
ಚೀಟಿಯಲ್ಲಿ ಬರೆದು ತಂದಿದ್ದ: ಕಂಕಾನಮ್ಲಾಗೆ.
ನಮ್ಮ ಲಿಪಿಯಲ್ಲಿ ಹನ್ನೆರಡಕ್ಷರ. ನನ್ನ ತಗಡಿಗೆ ಹಿಡಿಯುವುದು ಒಂಬತ್ತು.

ಹೋಗಲಿ ಬಿಡಿ, ಹಳೆಯದೇ ಇರಲಿ, ಅಂದ.
ಆರು ವರ್ಷದಿಂದ ನಾನು ಮಲಗಿದ್ದೆಲ್ಲ
ಬೇರೆಯವರ ಹೆಸರಿನ ಹಿಂದೆಯೇ.

ಸುಮ್ಮನಿರಲಾರದೆ ಕೇಳಿದೆ, ಏನರ್ಥ ನಿಮ್ಮದಕ್ಕೆ?
ಮೇಸ್ತ್ರಿಯ ಮನೆಯವರು, ಅಂದ.
ಕೊನೆಯಲ್ಲಿ 'ಗೆ' ಇದೆಯಲ್ಲ, ಅದೇ ಮನೆ.

ಮನೆ.
ಕಡಲು ದಾಟಿ ಬರುವಾಗ ಹೆಸರಿನ ಸೆರಗಿನ ತುದಿಗೆ
ಗಂಟು ಕಟ್ಟಿಕೊಂಡು ತಂದಿದ್ದಾನೆ.
ಇಲ್ಲೇ ಹುಟ್ಟಿ ಇಲ್ಲೇ ಸಾಯುವ ನಾವೋ
ಇನ್ನೂರು ವರ್ಷದಿಂದ ನಮ್ಮ ಬಾಗಿಲ ಮೇಲೆ ನಾವೇ
ಹೊರಗೆ ಎಂದು ಬರೆದುಕೊಂಡಿದ್ದೇವೆ.

ಅಪ್ಪನ ಸಣ್ಣ ಉಳಿ ತೆಗೆದೆ, ಪದಕಗಳಿಗೆಂದು ಇಟ್ಟದ್ದು.
ಹನ್ನೆರಡನ್ನೂ ಹಿಡಿಸಿದೆ. ಎಮ್ ಸ್ವಲ್ಪ ಇಕ್ಕಟ್ಟಾಯಿತು.
ದುಡ್ಡು ತಗೊಂಡೆ, ಸುಳ್ಳು ಹೇಳಲಾರೆ.

ಸಂಜೆ ನಾನೇ ಹೋಗಿ ತಿರುಪು ಬಿಗಿದು ಹಚ್ಚಿದೆ.
ಅಸ್ಸುಂತಾಳ ತಗಡು ನನ್ನ ಕಿಸೆಗೆ;
ಕರಗಿಸಲು ಮನಸ್ಸಾಗಲಿಲ್ಲ,
ಈ ಊರಲ್ಲಿ ಯಾರಿಗಾದರೂ ಆದೀತು.
ಗಂಟೆ ಸರಿಯಿದೆಯೇ ನೋಡಲು ಒತ್ತಿದೆ.

ಒತ್ತಿದ ಕೂಡಲೇ
ಓಡಬೇಕೆನಿಸಿತು, ಯಾಕೋ.

ನಿಂತೆ.
ಒಳಗೆ ಯಾರೋ ಒಲೆ ಸಣ್ಣ ಮಾಡಿ
ಬರುತ್ತಿದ್ದರು.