ನಕಾಶೆಯಲ್ಲಿ ಒಂದು ಗೇಣು

ಅಡುಗೆಮನೆಯ ಮೇಜು ಸಾಲಲಿಲ್ಲ.
ನ್ಯೂಜಿಲೆಂಡ್ ಬಿಡಿಸಿ ಹಾಸಿದರೆ ಅದರ ಬಾಲ
ಬ್ರೆಡ್ಡಿನ ಡಬ್ಬಿ ದಾಟಿ ಕೆಳಗೆ ಜೋಲುತ್ತದೆ.
ಬಡಗಣ ತುದಿ ಸುರುಳಿಯಾಗದಂತೆ ಉಪ್ಪಿನ ಬಟ್ಟಲು,
ನಡುವಿನ ಜಲಸಂಧಿಗೆ ನೆವಿಲ್‌ನ ಕನ್ನಡಕ,
ದಕ್ಷಿಣ ದ್ವೀಪದ ಮೇಲೆ ಬೆಕ್ಕು.
ಎಬ್ಬಿಸುವಂತಿಲ್ಲ, ನಿನ್ನೆಯಷ್ಟೇ
ಹಲ್ಲು ಕೀಳಿಸಿಕೊಂಡು ಬಂದಿದೆ.

ಹೊರಗೆ ಹಲ್ ಊರಿನ ಫೆಬ್ರವರಿ.
ಹಂಬರ್ ನದಿಯ ಕಡೆಯಿಂದ ಎದ್ದ ಗಾಳಿ
ಗೇಟಿನ ಚಿಲಕ ಅಲ್ಲಾಡಿಸಿ ಅಲ್ಲಾಡಿಸಿ
ಒಳಗೆ ಬರದೆ ಹೋಗುತ್ತದೆ.
ಅಲ್ಲಿ ಈಗ ಬೇಸಿಗೆಯಂತೆ.

ನಾನು ಗೇಣು ಹಾಕಿದೆ.
ಹೆಬ್ಬೆರಳು ಕ್ರೈಸ್ಟ್‌ಚರ್ಚಿನಲ್ಲಿ,
ಕಿರುಬೆರಳು ಎಲ್ಲೋ ಹಿಮನದಿಯ ಹತ್ತಿರ.
ಇಷ್ಟೇ ತಾನೆ, ಊಟದ ಹೊತ್ತಿಗೆ ಮುಟ್ಟುತ್ತೇವೆ ಅಂದೆ.
ನಕ್ಕ, ಮೂವತ್ತೊಂದು ವರ್ಷ
ಊರ ಬಸ್ಸು ಓಡಿಸಿದವನ ನಗೆ.
"ಬೆರಳಿಗೆ ಬೆಟ್ಟ ಗೊತ್ತಾಗುವುದಿಲ್ಲ, ಗ್ಲೆನಿಸ್.
ಒಂದೇ ಗಾಡಿ ಹಿಡಿಸುವ ಸೇತುವೆಯ ಬಾಯಲ್ಲಿ
ಎದುರಿನವನಿಗೆ ದಾರಿ ಬಿಟ್ಟು ನಿಲ್ಲುವ ಹೊತ್ತು
ನಿನ್ನ ಗೇಣಿನೊಳಗೆ ಬರುವುದಿಲ್ಲ."

ಹಾಸಿಗೆ ಒಲೆ ಇರುವ ವ್ಯಾನು ತಗೊಳ್ಳೋಣ,
ಬಸವನಹುಳುವಿನ ಹಾಗೆ ಮನೆ ಬೆನ್ನ ಮೇಲೆ!
ಮೇಲಿನೂರಲ್ಲಿ ಹಿಡಿದು ಕೆಳಗಿನೂರಲ್ಲಿ ಬಿಟ್ಟರೆ
ಅದಕ್ಕೆ ಬೇರೆ ದುಡ್ಡು, ಅಂದ.
ಕಾರಾದರೆ ಹಡಗಿಗೆ ಹತ್ತಿಸಬೇಡಿ,
ಒಂದನ್ನು ಈ ದಡದಲ್ಲಿ ಬಿಟ್ಟು
ಇನ್ನೊಂದನ್ನು ಆ ದಡದಲ್ಲಿ ಹಿಡಿಯಿರಿ,
ಅನ್ನುತ್ತದೆ ಕಂಪನಿಯ ಕಾಗದ.
(ನಮ್ಮ ಪೆಟ್ಟಿಗೆಗಳನ್ನು ಎಳೆಯುವವರು ಯಾರು
ಎಂದು ಅದರಲ್ಲಿ ಬರೆದಿಲ್ಲ.)
ರೈಲು ಚೆಂದ. ಆದರೆ ಅದು
ತಾನು ಹೋಗುವಲ್ಲಿಗೆ ಹೋಗುತ್ತದೆ.
ವಿಮಾನವೆಂದರೆ, ಭೂಮಿಯ ಆ ಮಗ್ಗುಲಿಗೆ ಹೋಗಿಯೂ
ಮತ್ತೆ ಮೋಡ ನೋಡುವುದೆ?
ಬಸ್ಸು ಎಂಬ ಮಾತು ಮಾತ್ರ
ಇಬ್ಬರ ಬಾಯಲ್ಲೂ ಬರಲಿಲ್ಲ.

ಮೀನಮೇಷ ಎಣಿಸುವುದರಲ್ಲಿ ತಿಂಗಳು ಮುಗಿಯಿತು.
ಪಕ್ಕದ ಮನೆಯ ಬ್ರ್ಯಾಮ್‌ವೆಲ್ ಬಂದು
ನಮ್ಮ ಬಿಸ್ಕತ್ತು ತಿಂದು, ನಮ್ಮ ಪೆನ್ಸಿಲ್ಲಿನಲ್ಲೇ
ತನ್ನ ಹಳೆಯ ದಾರಿಯನ್ನು ನಮ್ಮ ದಾರಿಯ ಮೇಲೆ ಗೀಚಿ ಹೋದ.
ಎಡಬದಿಯಲ್ಲೇ ಓಡಿಸುತ್ತಾರೆ, ಚಿಂತೆ ಏನು,
ನೆವಿಲ್‌ಗೆ ನೀರು ಕುಡಿದಷ್ಟು ಸಲೀಸು, ಅಂದ.

ಆ ರಾತ್ರಿ ದೀಪ ಆರಿಸಿದ ಮೇಲೆ
ನೆವಿಲ್ ಗೋಡೆಗೆ ಹೇಳಿದಂತೆ ಹೇಳಿದ:
"ಬಂದರಿನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಬಂದರು.
ಗಾಣದೆತ್ತಿಗೆ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ,
ನನಗೆ ಕಟ್ಟುವುದೂ ಬೇಕಿರಲಿಲ್ಲ.
ಎದುರಿಗೆ ಲಾರಿಯ ಬೆನ್ನು,
ಕನ್ನಡಿಯಲ್ಲಿ ಜನರ ತಲೆ.
ಪಕ್ಕದ ಕಿಟಕಿಯಲ್ಲಿ ಏನಿತ್ತೋ ಕಾಣೆ.
ನನಗೆ ಆ ಕಿಟಕಿ ಬೇಕು, ಗ್ಲೆನಿಸ್. ನೀನು ಓಡಿಸು."

ನಾನು!
ಐವತ್ತೆಂಟಕ್ಕೆ ಲೈಸೆನ್ಸು, ಅದೂ ಮೂರನೆಯ ಸಲಕ್ಕೆ.
ತಂಗಿಯ ಮನೆ ಬಿಟ್ಟರೆ ಸೂಪರ್‌ಮಾರ್ಕೆಟ್ಟು,
ರಿವರ್ಸಿನಲ್ಲಿ ಒಂದು ಗುಲಾಬಿ ಗಿಡದ ಪ್ರಾಣ.

ಬೆಳಿಗ್ಗೆ ಗೇಣು ಬಿಟ್ಟೆ.
ದಿನಕ್ಕೆ ಹೆಬ್ಬೆರಳಿನ ಒಂದು ಗೆಣ್ಣು, ಹೆಚ್ಚಿಲ್ಲ.
ಮೂರು ವಾರ ಐದಾಯಿತು,
ಹೊಸ ಸೋಫಾ ಹೋಯಿತು.
ಬೆಕ್ಕು ಎದ್ದು ಹೋದ ಬೆಟ್ಟಸಾಲಿನ ಮೇಲೆ
ಹಳದಿ ಕೂದಲು ಉಳಿದಿತ್ತು, ಒರೆಸಲಿಲ್ಲ.

ಭಾನುವಾರ ಅಭ್ಯಾಸಕ್ಕೆಂದು ಹೊರಟೆವು.
ನಾನು ಗೇರು ಬದಲಿಸಿದಾಗಲೆಲ್ಲ
ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ.
ಬಾಯಿ ಮುಚ್ಚಿಕೊಂಡಿದ್ದಾನೆ, ಕಾಲು ಮುಚ್ಚಲಾರ.
ಹಂಬರ್ ಸೇತುವೆಯ ನಟ್ಟನಡುವೆ
ಗಾಳಿ ಕಾರನ್ನು ಒಮ್ಮೆ ತಳ್ಳಿತು.
ನಾನು ಸ್ಟೀರಿಂಗ್ ಬಿಗಿಹಿಡಿದು ಕಾದೆ, ಬೈಗುಳಕ್ಕೆ.
ಅವನು ಆ ಕಡೆ ತಿರುಗಿ ಕೂತಿದ್ದ,
ಹಣೆ ಗಾಜಿಗೆ ತಗುಲಿತ್ತು.
"ಅರೆ," ಅಂದ, "ನೀರು ಇಷ್ಟೊಂದು ಕಂದು!"