ಹಾಜರಿ ಹಲಗೆ

ರಾತ್ರಿ ಎರಡಕ್ಕೆ ತ್ರೀಫೇಸ್ ಬಂತು.
ಬನಹಟ್ಟಿಯ ಈ ಓಣಿಯಲ್ಲಿ, ನನ್ನ ಅಟ್ಟದ ಕೆಳಗೆ,
ನಾಲ್ಕು ಮಗ್ಗ ಒಂದರ ಹಿಂದೊಂದು ಕೆಮ್ಮಿ ಎದ್ದವು.
ನನ್ನ ಯಂತ್ರವೂ ಎದ್ದಿತು.
ಕಪ್ಪು ತೆರೆಯ ಮೇಲೆ ಒಂದು ಸಾಲು ಬರೆದು ನಿಂತಿತು:
ಸಿಕ್ಕ ಪ್ರೊಸೆಸರ್, ಎರಡು.

ಚಿಪ್ಪಿನೊಳಗೆ ಇರುವುದು ನಾಲ್ಕು.
ನಿನ್ನೆ ಮೂರು ಅಂದಿತ್ತು.
ಮೊನ್ನೆ ಒಮ್ಮೆ, ಒಂದೇ ಒಂದು ಸಲ, ನಾಲ್ಕು.
ಗೆದ್ದವಳ ಹಾಗೆ ಕೆಳಗಿಳಿದು ಚಹಾ ಕುಡಿದು ಬಂದೆ.
ಮತ್ತೆ ಬೂಟ್ ಮಾಡಿದರೆ, ಎರಡು.

ಎಬ್ಬಿಸುವ ಕರೆ ಸರಿಯಿತ್ತು.
ಕಾಯುವ ಹೊತ್ತನ್ನು ಹತ್ತು ಪಟ್ಟು ಮಾಡಿ ನೋಡಿದೆ.
ಎದ್ದು ಬರಬೇಕಾದ ಮೂರಕ್ಕೂ
ಬೇರೆ ಬೇರೆ ಸ್ಟ್ಯಾಕ್, ಬೇರೆ ಬೇರೆ ನಂಬರು.
ಕೊನೆಗೆ ಹೆಜ್ಜೆಗೊಂದು ಪ್ರಿಂಟ್ ಹಾಕಿದೆ:
ನಾಲ್ಕೂ ಬಂದವು, ಸಾಲಾಗಿ, ಕೈಕಟ್ಟಿ.
ಪ್ರಿಂಟ್ ತೆಗೆದೆ. ಎರಡು.
ಮಾಸ್ತರು ನೋಡುವಾಗ ಮಾತ್ರ
ನೆಟ್ಟಗೆ ಕೂಡುವ ಹುಡುಗರು.

ಬೆಳಗಿನ ಆರಕ್ಕೆ ಪಾಳಿ ಬದಲು. ಕೆಳಗೆ ಗದ್ದಲ.
ಬಾಗಿಲ ಪಕ್ಕದಲ್ಲೊಂದು ಹಲಗೆ.
ಒಳಗೆ ಬಂದವನು ಅಲ್ಲಿನ ಅಂಕಿ ನೋಡಬೇಕು,
ತೋಳಿನಿಂದ ಒರೆಸಬೇಕು, ಒಂದು ಹೆಚ್ಚಿಗೆ ಬರೆಯಬೇಕು.
ಆ ಲೆಕ್ಕದ ಮೇಲೆ ಚಹಾ.
ಇವತ್ತು ಆಳು ನಾಲ್ಕು, ಚಹಾ ಮೂರು.

"ನಾ ಬಂದಾಗ ಎರಡಿತ್ತು, ಮೂರು ಬರದೆ," ಅಂದ ದಸ್ತಗೀರ.
"ನಾ ನೋಡಿದಾಗೂ ಎರಡ ಇತ್ತಲೋ," ಅಂದ ಕಾಡಪ್ಪ.
ಕಂಡಿಕೆ ಸುತ್ತುತ್ತಿದ್ದ ತಿಪ್ಪವ್ವ ತಲೆ ಎತ್ತಲಿಲ್ಲ:
"ಇಬ್ಬರೂ ಕೂಡಿ ನೋಡೀರಿ, ಇಬ್ಬರೂ ಕೂಡಿ ಬರದೀರಿ.
ಸುಣ್ಣದ ಕಡ್ಡಿ ಒಂದ ಇಡ್ರಿ ಅಂತ
ದೀಪಾವಳಿಯಿಂದ ಬಡಕೊಳ್ಳಾಕತ್ತೀನಿ.
ಕಡ್ಡಿ ಕೈಯಾಗ ಇದ್ದಾವ ನೋಡ್ಲಿ, ಅವನ ಬರೀಲಿ,
ಉಳದಾವ್ರು ನಿಂದರ್ಲಿ."

ಮೆಟ್ಟಿಲ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು,
ಹಾಗೇ ನಿಂತುಬಿಟ್ಟೆ.

ಪ್ರಿಂಟಿನ ಬಾಯಿ ಒಂದೇ. ಅದಕ್ಕೇ ಅವು ಸರದಿಗೆ ನಿಂತಿದ್ದವು.

ಮೇಲೆ ಬಂದು ಒಂದೇ ಸಾಲು ತಿದ್ದಿದೆ.
ಓದುವುದು, ಕೂಡಿಸುವುದು, ಬರೆಯುವುದು,
ನಡುವೆ ಯಾರೂ ಲಾಳಿ ತೂರದ ಹಾಗೆ
ಮೂರನ್ನೂ ಒಂದೇ ಗಂಟು ಹಾಕಿದೆ.
ನಾಲ್ಕು. ಮತ್ತೆ ನಾಲ್ಕು.
ಇಪ್ಪತ್ತು ಸಲ ಆರಿಸಿ ಹಚ್ಚಿದರೂ ನಾಲ್ಕು.

ಹನ್ನೊಂದು ರಾತ್ರಿ ನಾನು ಅವನ್ನು ಬೈದಿದ್ದೆ,
ಏಳದ ಸೋಮಾರಿಗಳೆಂದು.
ಕರೆದಾಗಲೆಲ್ಲ ಎದ್ದಿದ್ದವು, ಬಂದಿದ್ದವು,
ಬಂದೆವೆಂದು ಬರೆದೂ ಇದ್ದವು,
ಒಂದರ ಬರಹದ ಮೇಲೆ ಇನ್ನೊಂದು.

ಕೆಳಗೆ ಮಗ್ಗ ಶುರುವಾಗಿದ್ದವು.
ನಾಲ್ಕನೆಯ ಚಹಾ ಬಂತೋ ಇಲ್ಲವೋ,
ಆ ಸದ್ದಿನೊಳಗೆ ಕೇಳಲಾಗಲಿಲ್ಲ.