ಐದು, ಏಳು, ಮೂರು

ತಿಂಗಳ ಎರಡನೆಯ ಗುರುವಾರ
ಮೀನುಗಾರರ ಸಂಘದ ಮಹಡಿಯಲ್ಲಿ
ಒಂಬತ್ತು ಮಂದಿ ಮುದುಕರು ನಾವು
ಒಂದೊಂದು ಫೋಟೋ, ಒಂದೊಂದು ಹೈಕು ಹಿಡಿದು
ಸೀಮೆಎಣ್ಣೆ ಒಲೆಯ ಸುತ್ತ ಕೂರುತ್ತೇವೆ.
ಜುಲೈಯಲ್ಲೂ ಒಲೆ ಬೇಕು. ಇದು ಕುಶಿರೊ.

ಹತಾನಾಕಾ ಮೇಷ್ಟ್ರು ನಲವತ್ತು ವರ್ಷ ಲೆಕ್ಕ ಕಲಿಸಿದವರು.
ಅವರದು ಒಂದೇ ನಿಯಮ:
ಚಿತ್ರ ಆಡಿದ ಮಾತನ್ನು ಪದ್ಯ ಮತ್ತೆ ಆಡಬಾರದು.
ಗಂಡ ಹೆಂಡತಿ ಇದ್ದ ಹಾಗೆ, ಅನ್ನುತ್ತಾರೆ,
ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರೂ ಹೇಳಿದರೆ
ಬಂದ ನೆಂಟರು ಎದ್ದು ಹೋಗುತ್ತಾರೆ.

ಒಕುಯಾಮಾ ಅಜ್ಜಿ ಮೊಮ್ಮಗಳ ಹುಟ್ಟುಹಬ್ಬದ ಚಿತ್ರ ತಂದಿದ್ದಳು,
ಕೆಳಗೆ ಬರೆದದ್ದು ಮಾತ್ರ
ಬಂದರಿನ ನೀರಲ್ಲಿ ತೇಲುವ ಎಣ್ಣೆಯ ಬಣ್ಣ.
ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು
ಇನ್ನೊಂದು ಸಲ ಓದಿ ಎಂದರು.

ನನ್ನದು ಕೈಗವಸು.
ಹಿತ್ತಿಲ ತಂತಿಗೆ ಒಣಹಾಕಿದ ಒಂದು ಜೊತೆ,
ಹಿಂದೆ ಮಂಜು. ನನ್ನೆಲ್ಲ ಫೋಟೋಗಳ ಹಿಂದೆಯೂ ಅದೇ.
ಋತುಪದಗಳ ಪುಸ್ತಕ ಮಂಜನ್ನು ಶರತ್ತಿನ ಖಾತೆಗೆ ಬರೆದಿದೆ.
ನಮ್ಮ ಕಡಲಿಗೆ ಓದು ಬರಹ ಬಾರದು,
ಜೂನಿನಲ್ಲೇ ಕಳಿಸಿಬಿಡುತ್ತದೆ.
ಅದಕ್ಕೆ ಬೇರೆ ಹೆಸರಿದೆಯಲ್ಲ, ಅಂದರು ಮೇಷ್ಟ್ರು,
ಜಿರಿ. ಅದು ಬೇಸಗೆಯ ಪದ.
ಅರವತ್ತೊಂಬತ್ತು ವರ್ಷ ಉಸಿರಾಡಿದ್ದೇನೆ ಜಿರಿಯನ್ನು;
ಪದ್ಯಕ್ಕೆ ಸಲ್ಲುವ ವಸ್ತುವೆಂದು ತಿಳಿದಿರಲಿಲ್ಲ.

ಮೊದಲು ಬರೆದದ್ದು:

    ತಂತಿಯ ಮೇಲೆ
    ಎರಡು ಕೈಗವಸು
    ಮಂಜು ಸುತ್ತಲೂ

ಇದನ್ನು ಫೋಟೋವೇ ಹೇಳಿತು,
ನೀವು ಯಾಕೆ ಬಂದಿರಿ, ಅಂದರು.
ಮುಂದಿನ ತಿಂಗಳು:

    ಎಲೆ ಬೆರಳೇ
    ಎಲ್ಲಿ ಹೋಗಿರುವೆ ನೀ
    ಬಾಳು ಬರಡು

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.
ಇದು ಚಿತ್ರಕ್ಕೂ ಬೇಡ, ಬೆರಳಿಗೂ ಬೇಡ.

ಹೌದು, ಎಡಗೈಯ ಕೊನೆಯ ಎರಡು ಬೆರಳು.
ಐಸ್ ಫ್ಯಾಕ್ಟರಿಯಲ್ಲಿ, ಸಾನ್ಮಾ ಮೀನಿನ ಸುಗ್ಗಿ,
ಸಾಲುಗಟ್ಟಿದ ದೋಣಿಗಳು ಐಸು ಐಸು ಎಂದು ಕೂಗುವಾಗ
ಪುಡಿಮಾಡುವ ಯಂತ್ರಕ್ಕೂ ಅವಸರ, ನನಗೂ.
ಆ ದಿನವೂ ದೋಣಿಗಳು ಹೊತ್ತಿಗೆ ಸರಿಯಾಗಿ ಹೊರಟವು.
ಅಷ್ಟೇ. ಅದನ್ನು ಪದ್ಯದಲ್ಲಿ ಹಾಕುವುದಿಲ್ಲ.

ಈ ವಿದ್ಯೆಯಲ್ಲಿ ಬೆರಳು ಮಡಚಿ ಎಣಿಸಬೇಕು.
ಮೊದಲ ಸಾಲಿಗೆ ಬಲಗೈ. ಐದು.
ನಡುವಿನದಕ್ಕೆ ಬಲಗೈ ಪೂರ್ತಿ, ಎಡಗೈಯಿಂದ ಎರಡು.
ಕೊನೆಯ ಸಾಲು ಎಡಗೈಗೆ ಸೇರಿದ್ದು,
ಯಾಕೋ ನನ್ನ ರೂಢಿ ಹಾಗೆ;
ಹೆಬ್ಬೆರಳು, ತೋರುಬೆರಳು, ನಡುಬೆರಳು,
ಆಮೇಲೆ ಗಾಳಿ.

ಅಡುಗೆಮನೆಯಲ್ಲಿ ಹೀಗೆ ಎಣಿಸುತ್ತ ಕೂತಾಗ
ಸುಮಿಯೆ ಫೋಟೋ ಎತ್ತಿ ನೋಡಿದಳು.
ಮೂವತ್ತು ಚಳಿಗಾಲ, ಮೂವತ್ತು ಜೊತೆ, ಹೊಲಿದವಳು ಇವಳು.
ಖಾಲಿ ಬೆರಳನ್ನು ಕತ್ತರಿಸಿ ಬಾಯಿ ಮುಚ್ಚುತ್ತಾಳೆಂದು ನಾನು ತಿಳಿದಿದ್ದೆ.
ಕತ್ತರಿಸುವುದೇ, ಅಂದಳು,
ಒಳಕ್ಕೆ ಮಡಚುತ್ತೇನೆ. ಎರಡು ಪದರ.
ಆ ಜಾಗಕ್ಕೇ ಅಲ್ಲವೆ ಹೆಚ್ಚು ಚಳಿ?
ಮತ್ತೆ ಮೂಲಂಗಿ ತುರಿಯಲು ಹೋದಳು.

ನಾನು ಕೈಗವಸು ತೊಟ್ಟು ಕೂತೆ.
ಒಲೆಯಿಲ್ಲ, ಕಿಟಕಿಯಲ್ಲಿ ಬೆಳ್ಳಗೆ ಏನೂ ಕಾಣದು,
ದೂರದ ದೋಣಿಯೊಂದು ಕೂಗಿ, ಉತ್ತರಕ್ಕೆ ಕಾದು,
ಮತ್ತೆ ಕೂಗಿತು.

    ಮೊದಲ ಜಿರಿ
    ಮಡಚಿಟ್ಟದ್ದು ಇನ್ನೂ
    ಬೆಚ್ಚಗೆ

ಗುರುವಾರ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು,
ತಾವೇ ಎಣಿಸಿದರು, ಇನ್ನೊಮ್ಮೆ ಎಣಿಸಿದರು.
ಕೊನೆಯಲ್ಲಿ ಎರಡು ಕಡಿಮೆ, ಅಂದರು.
ನಾನು ಎಡಗೈ ಎತ್ತಿದೆ,
ಸಂಶಯ ಕೇಳುವ ಹುಡುಗನಂತೆ.
ಲೆಕ್ಕದ ಮೇಷ್ಟ್ರು ಚಾಕ್‌ಪೀಸನ್ನು ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದು ಸುಮಿಯೆಗೆ ಓದಿ ಹೇಳಿದೆ.
ಪದ್ಯ ಇರಲಿ, ಅಂದಳು,
ಈ ಫೋಟೋದಲ್ಲಿ ನನ್ನ ಹೊಲಿಗೆ ಸೊಟ್ಟಗೆ ಕಾಣುತ್ತದೆ,
ಇನ್ನೊಂದು ತೆಗೆಯಿರಿ.